ಗೋಮಾಳದ ಪ್ರಶ್ನೆ, ಊರಿನ ಠರಾವು

ಹರಿಹರದ ಬಳಿ ತುಂಗಭದ್ರೆ ದಾಟಿದರೆ ಕುಮಾರಪಟ್ಟಣ. ಕಟ್ಟಿಗೆಯ ತಿರುಳಿನಿಂದ ಬಟ್ಟೆಯ ಎಳೆ ತಯಾರಾಗುವ ಊರು. ಇಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಎಷ್ಟಿದ್ದರೂ ಸಾಲದು. ಅದಕ್ಕೆಂದೇ 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಈ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿಗೆ ಬಿಡುವ ಯೋಜನೆ ಅದು. ಕಾಗದದಲ್ಲಿ ಸರ್ಕಾರದ್ದಾದರೂ, ಊರವರ ದನ ಮೇಯುತ್ತಿದ್ದದ್ದು, ಒಲೆಗೆ ಸೌದೆ ಬರುತ್ತಿದ್ದದ್ದು ಅಲ್ಲಿಂದಲೇ.

ಆ ಜಮೀನು ಯಾರಿಗೆಂದು ತೀರ್ಮಾನಿಸುವವರು ಯಾರು? ಜನರನ್ನೇ ಕೂಡಿಸಿ ಮತ ಕೇಳುತ್ತಿದ್ದ ಪ್ರಾಚೀನ ರೋಮ್ ಕೂಡ ಇದಕ್ಕೆ ಪೂರ್ತಿ ಉತ್ತರ ಕೊಡಲಿಲ್ಲ. ಅಲ್ಲಿನ ಒಂದು ಸಭೆಯಲ್ಲಿ 193 ಗುಂಪುಗಳು, ಗುಂಪಿಗೊಂದೇ ಮತ. ಸಿರಿವಂತರ ಗುಂಪುಗಳು ಮೊದಲು ಮತ ಹಾಕುತ್ತಿದ್ದವು. ಬಹುಮತ ಬಂದೊಡನೆ ಮತದಾನ ನಿಲ್ಲುತ್ತಿತ್ತು. ಆಸ್ತಿಯಿಲ್ಲದವರೆಲ್ಲ ಕಟ್ಟಕಡೆಯ ಒಂದು ಗುಂಪಿನಲ್ಲಿ, ಎಷ್ಟೋ ಸಲ ಅವರ ಸರದಿಯೇ ಬರುತ್ತಿರಲಿಲ್ಲ. ಹೆಂಗಸರಿಗಂತೂ ಮತವೇ ಇಲ್ಲ. ನನಗೆ ಇದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ಇನ್ನೊಂದು: ಮತ ಹಾಕುವ ಸಭೆಯಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಅಧಿಕಾರಿ ಮುಂದಿಟ್ಟದ್ದಕ್ಕೆ ಹೌದು ಅಥವಾ ಅಲ್ಲ ಅನ್ನಬೇಕು, ಅಷ್ಟೇ.

ನಮ್ಮ ಸೀಮೆಯಲ್ಲಿ ಪ್ರಶ್ನೆ ಎತ್ತಿದ್ದು ಊರವರೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ಸೇರಿದರು. ನೀಲಗಿರಿ ಸಸಿಗಳನ್ನು ಕಿತ್ತರು. ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದೇ ಅದಕ್ಕೆ ಹೆಸರಾಯಿತು. ಹಿಂದೆ ನಿಂತದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದವರಲ್ಲಿ ಸಾಹಿತಿ ಶಿವರಾಮ ಕಾರಂತರೂ ಇದ್ದರು.

ಅದೇ ವರ್ಷದ ಜನವರಿಯಲ್ಲಿ, ಸಚಿವ ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆಯಂತೆ, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಹೊಸದಾಗಿ ಆರಿಸಿಬಂದ ಹಲವು ಪಂಚಾಯಿತಿಗಳು ನೀಲಗಿರಿ ಒಪ್ಪಂದ ರದ್ದಾಗಬೇಕೆಂದು ಠರಾವು ಮಾಡಿದವು. ಠರಾವಿನಿಂದ ಕಂಪನಿ ಮುಚ್ಚಬೇಕೆಂಬ ಕಾನೂನೇನೂ ಇರಲಿಲ್ಲ. ಆದರೂ ಬೀದಿ, ಕೋರ್ಟು, ಪಂಚಾಯಿತಿ ಮೂರೂ ಒಂದೇ ಮಾತಾಡಿದಾಗ ಸರ್ಕಾರಕ್ಕೆ ಕಿವಿ ಮುಚ್ಚಿಕೊಂಡಿರಲು ಆಗಲಿಲ್ಲ. 1991ರಲ್ಲಿ ಪಲ್ಪ್‌ವುಡ್ ಕಂಪನಿ ಬಾಗಿಲು ಹಾಕಿತು.

1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಉಳಿಸಿಕೊಂಡಿತು. ಮುಂದೆ ತಿದ್ದುಪಡಿಯಿಂದ ವಾರ್ಡ್ ಸಭೆಯೂ ಸೇರಿತು, ಅದರ ಹಾಜರಿಯಲ್ಲಿ ಶೇ 30ರಷ್ಟು ಹೆಂಗಸರಿರಬೇಕೆಂಬ ನಿಯಮ ಬಂತು. ರೋಮಿನ ಮತಸಭೆಯಲ್ಲಿ ಇಲ್ಲದ ಚರ್ಚೆಗೆ ಈ ಸಭೆಗಳಲ್ಲಿ ಜಾಗವಿದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಹೋಗಬೇಡಿ ಎಂದು ಊರವರನ್ನು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಸಭೆಯ ವಿಷಯಪಟ್ಟಿ ನಿಮ್ಮ ಓಣಿಯಲ್ಲಿ ತಯಾರಾಗಲಿ, ಉಳಿದಿರುವ ಗೋಮಾಳದ ಸರ್ವೆ ನಂಬರು ಅದರ ಮೊದಲ ಸಾಲಿನಲ್ಲಿರಲಿ.