‘ಒರಿಜಿನಲ್ ಹಳೇ ಫೋಟೋ, 5 ಸ್ಟಾರ್ ಸೆಲ್ಲರ್’: ರೊಕ್ಕ ಕಳಿಸುವ ಮೊದಲು ಫೋಟೋದ ಹಿಂಬದಿ ನೋಡಿ

ಕಳೆದ ಮಳೆಗಾಲದಲ್ಲಿ ಹಳೇ ಹುಬ್ಬಳ್ಳಿಯ ಓದುಗರೊಬ್ಬರು ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ ಒಂದು ಫಾರ್ವರ್ಡ್ ಕಳಿಸಿದರು. ಅದರಲ್ಲಿ ಎರಡು ಚಿತ್ರಗಳಿದ್ದವು. ಒಂದು, ಕಪ್ಪು-ಬಿಳುಪಿನ ಕುಸ್ತಿ ಕಣದ ಫೋಟೋ: ಲಂಗೋಟಿ ಕಟ್ಟಿದ ಆರು ಜನ ಪೈಲ್ವಾನರು, ಹಿಂದೆ ಮರ ಹತ್ತಿ ಕೂತ ಹುಡುಗರು. ಇನ್ನೊಂದು, ಅದೇ ಫೋಟೋದ ಹಿಂಬದಿ. ಕೆಳಗೆ ಹೀಗೆ ಬರೆದಿತ್ತು: ‘ಅಪರೂಪದ ಒರಿಜಿನಲ್! 1968ರ ಕುಸ್ತಿ. ಆನ್‌ಲೈನ್ ಹರಾಜಿನ 5 ಸ್ಟಾರ್ ಸೆಲ್ಲರ್. ಬೆಲೆ 12,000. ಇವತ್ತೇ 3,000 ಅಡ್ವಾನ್ಸ್ ಹಾಕಿದವರಿಗೆ ಮಾತ್ರ. ಎಲ್ಲ ಗ್ರೂಪ್‌ಗೂ ಶೇರ್ ಮಾಡಿ.’

ಜೊತೆಗೆ ಆ ಓದುಗರ ಧ್ವನಿ ಸಂದೇಶವೂ ಇತ್ತು. ‘ಎಡಗಡೆಯಿಂದ ಎರಡನೇದವ್ರು ನಮ್ಮ ಅಪ್ಪಾರ ಅದಾರ್ರಿ. ಮನ್ಯಾಗ ಅವರ ಕುಸ್ತಿ ಫೋಟೋ ಒಂದೂ ಇಲ್ಲ. ರೊಕ್ಕ ಹಾಕ್ಲೋ ಬ್ಯಾಡೋ, ಜಲ್ದಿ ಹೇಳ್ರಿ.’

ಇಂಥ ಸಂದೇಶಗಳು ಈಗ ಹೆಚ್ಚಾಗಿವೆ. ಕ್ರಿಕೆಟ್, ಹಾಕಿ, ಕುಸ್ತಿಯ ಹಳೆಯ ಫೋಟೋಗಳನ್ನು ಕೂಡಿಡುವ ಹವ್ಯಾಸ ಬೆಳೆದಂತೆ ಅದರ ಸುತ್ತ ಮೋಸವೂ ಬೆಳೆದಿದೆ. ಹಾಗಾದರೆ ಒರಿಜಿನಲ್ ಎಂದರೇನು? ನಂಬಿಕಸ್ಥ ಮಾರಾಟಗಾರ ಎಂದರೆ ಯಾರು? ನಾವು ಆ ಫಾರ್ವರ್ಡ್ ಅನ್ನೇ ಹಿಡಿದು ಪರಿಶೀಲಿಸಿದೆವು.

ಹಿಂಬದಿಯ ಆರು ಅಂಕಿ

ಹಳೆಯ ಫೋಟೋ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದರ ಹಿಂಬದಿಯ ಚಿತ್ರವನ್ನು. ಸ್ಟುಡಿಯೋದ ಮೊಹರು, ಪತ್ರಿಕೆಯ ದಿನಾಂಕ, ಅಂಟಿಸಿದ ಅಡಿಬರಹದ ಚೀಟಿ, ಪೆನ್ಸಿಲ್ ಗುರುತು ಎಲ್ಲವೂ ಇರುವುದು ಅಲ್ಲೇ.

ಈ ಫೋಟೋದ ಹಿಂದೆ ಹುಬ್ಬಳ್ಳಿಯ ಸ್ಟುಡಿಯೋ ಒಂದರ ನೇರಳೆ ಮೊಹರಿತ್ತು. ವಿಳಾಸದ ಕೊನೆಯಲ್ಲಿ 580ರಿಂದ ಶುರುವಾಗುವ ಆರಂಕಿಯ ಪಿನ್ ಕೋಡ್ ಇತ್ತು. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅಂದಮೇಲೆ 1968ರಲ್ಲಿ ಈ ಮೊಹರು ಒತ್ತಿರಲು ಸಾಧ್ಯವೇ ಇಲ್ಲ.

ಇದರಿಂದ ಫೋಟೋ ನಕಲಿ ಎಂದು ಸಾಬೀತಾಯಿತೇ? ಇಲ್ಲ. 1968ರ ನೆಗೆಟಿವ್‌ನಿಂದ ಸ್ಟುಡಿಯೋದವರು ಮುಂದೆಂದೋ ಇನ್ನೊಂದು ಪ್ರತಿ ಹಾಕಿ ಕೊಟ್ಟಿರಬಹುದು. ಹಳೆಯ ಪ್ರತಿಗೇ ತಡವಾಗಿ ಮೊಹರು ಬಿದ್ದಿರಲೂಬಹುದು. ಆದರೆ ‘1968ರ ಒರಿಜಿನಲ್’ ಎಂಬ ಮಾತಿಗೆ ಈ ಮೊಹರು ಸಾಕ್ಷಿಯಾಗದು ಎನ್ನುವುದಂತೂ ಖಚಿತ.

ಹೆಸರುಗಳೂ ಇದೇ ರೀತಿ ಕಾಲ ಹೇಳುತ್ತವೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು ರಣಜಿ ಟ್ರೋಫಿಯಲ್ಲಿ ನಮ್ಮ ತಂಡದ ಹೆಸರು ಮೈಸೂರು. ಹೀಗಾಗಿ ‘ಕರ್ನಾಟಕ ರಣಜಿ ತಂಡ, 1970’ ಎಂದು ಹಿಂದೆ ಅಚ್ಚಾಗಿದ್ದರೆ ಆ ಬರಹ ನಂತರದ್ದು. ಆದರೆ ಧಾರವಾಡದ ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಈ ಪದ ಬಹಳ ಮೊದಲೇ ಇತ್ತು. ಆ ಕಾಲೇಜಿನ ತಂಡದ ಹಳೆಯ ಫೋಟೋಗೆ ಈ ಲೆಕ್ಕ ಹಾಕಬೇಡಿ. ಹಾಗೆಯೇ ಇಂಗ್ಲಿಷ್‌ನಲ್ಲಿ ನಮ್ಮ ಊರಿನ ಹೆಸರು ‘ಹುಬ್ಳಿ’ ಹೋಗಿ ಅಧಿಕೃತವಾಗಿ ‘ಹುಬ್ಬಳ್ಳಿ’ ಆದದ್ದು 2014ರ ನವೆಂಬರ್ 1ರಂದು.

ವಿದೇಶಿ ಪತ್ರಿಕಾ ಫೋಟೋಗಳಲ್ಲಿ ಸುದ್ದಿಸಂಸ್ಥೆಗಳ ಮೊಹರು ನೋಡಿ. ಅಮೆರಿಕದ ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್, ಅಂದರೆ ‘ಯುಪಿಐ’ ಎಂಬ ಸಂಸ್ಥೆ ಹುಟ್ಟಿದ್ದು 1958ರಲ್ಲಿ. ಭಾರತ ಹಾಕಿ ಚಿನ್ನ ಗೆದ್ದ 1948ರ ಲಂಡನ್ ಒಲಿಂಪಿಕ್ಸ್‌ನ ಫೋಟೋ ಹಿಂದೆ ಆ ಮೊಹರೊಂದೇ ಇದ್ದರೆ, ಅದು ಆಗಲೇ ಮುದ್ರಿಸಿದ ಪ್ರತಿ ಎಂದು ನಂಬಲು ಬೇರೆ ಪುರಾವೆ ಬೇಕು.

ಒರಿಜಿನಲ್‌ನಲ್ಲಿ ನಾಲ್ಕು ಬಗೆ

‘ಒರಿಜಿನಲ್’ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ವಸ್ತುಗಳು ಅಡಗಿಕೊಳ್ಳುತ್ತವೆ. ಹಳೆಯ ಕ್ರೀಡಾ ಫೋಟೋ ಸಂಗ್ರಾಹಕರಲ್ಲಿ ಬಳಕೆಯಲ್ಲಿರುವ ವಿಂಗಡಣೆ ಅಮೆರಿಕದ ಬೇಸ್‌ಬಾಲ್ ಫೋಟೋಗಳ ವ್ಯಾಪಾರದಿಂದ ಬಂದದ್ದು. ಅದನ್ನು ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್ ಅವರ ಉದಾಹರಣೆಯಿಂದ ನೋಡೋಣ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಅವರು 38 ರನ್‌ಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು. ಆ ಪಂದ್ಯದ ಒಂದು ಫೋಟೋ ಮಾರಾಟಕ್ಕಿದೆ ಎಂದುಕೊಳ್ಳಿ.

ಮೊದಲನೇ ಬಗೆ: ಮೂಲ ನೆಗೆಟಿವ್‌ನಿಂದ, ಪಂದ್ಯ ನಡೆದ ಸುಮಾರು ಎರಡು ವರ್ಷದೊಳಗೆ ಮುದ್ರಿಸಿದ್ದು.

ಎರಡನೇ ಬಗೆ: ನೆಗೆಟಿವ್ ಮೂಲದ್ದೇ, ಆದರೆ ಮುದ್ರಿಸಿದ್ದು ವರ್ಷಗಳ ನಂತರ.

ಮೂರನೇ ಬಗೆ: ಪಂದ್ಯದ ಕಾಲದಲ್ಲೇ ಮುದ್ರಿಸಿದ್ದು, ಆದರೆ ನಕಲು ನೆಗೆಟಿವ್‌ನಿಂದ ಅಥವಾ ತಂತಿಯ ಮೂಲಕ ಬಂದ ಚಿತ್ರದಿಂದ.

ನಾಲ್ಕನೇ ಬಗೆ: ನಕಲು ನೆಗೆಟಿವ್‌ನಿಂದ, ಅದೂ ವರ್ಷಗಳ ನಂತರ ಮುದ್ರಿಸಿದ್ದು.

ಮೊಬೈಲ್‌ನಲ್ಲಿ ಈ ನಾಲ್ಕೂ ಒಂದೇ ಥರ ಕಾಣಬಹುದು. ಬೆಲೆ ಮಾತ್ರ ಒಂದೇ ಅಲ್ಲ. ಸಾಮಾನ್ಯವಾಗಿ ಮೊದಲನೇ ಬಗೆಗೇ ಹೆಚ್ಚು ಬೆಲೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಪ್ರಿಂಟರ್‌ನಲ್ಲಿ ತೆಗೆದ ಪ್ರತಿ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆದ್ದರಿಂದ ‘ಒರಿಜಿನಲ್ ಏನು?’ ಎಂದು ಕೇಳುವ ಬದಲು ‘ಈ ಪ್ರತಿ ಯಾವ ನೆಗೆಟಿವ್‌ನಿಂದ, ಯಾವಾಗ ಮುದ್ರಣವಾಯಿತು? ನಿಮಗೆ ಹೇಗೆ ಗೊತ್ತು?’ ಎಂದು ಕೇಳಿ. ಉತ್ತರ ಬರಹದಲ್ಲೇ ಬರಲಿ.

ಕಾಗದ ಏನು ಹೇಳುತ್ತದೆ?

ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ಜಿಲಾಟಿನ್ ಪದರದಲ್ಲಿ ಬೆಳ್ಳಿಯ ಲವಣಗಳಿರುತ್ತವೆ. ಬೆಳಕು ಬಿದ್ದ ಲವಣ ಡೆವಲಪರ್ ದ್ರಾವಣದಲ್ಲಿ ಸೂಕ್ಷ್ಮ ಬೆಳ್ಳಿ ಕಣಗಳಾಗಿ ಕಪ್ಪಾಗುತ್ತದೆ. ಈ ರಸಾಯನ ಗೊತ್ತಿದ್ದರೆ ಮೂರು ಪರೀಕ್ಷೆ ಸುಲಭ.

ಭೂತಗನ್ನಡಿ: ಬೆಳ್ಳಿ ಫೋಟೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಬಣ್ಣ ನಯವಾಗಿ ಬದಲಾಗುತ್ತದೆ. ಸಾಲಾಗಿ ಜೋಡಿಸಿದಂಥ ಚುಕ್ಕೆ ಕಂಡರೆ ಅದು ಪುಸ್ತಕ, ಪತ್ರಿಕೆಯ ಅಚ್ಚು. ನೀಲಿ, ಗುಲಾಬಿ, ಹಳದಿ ಚುಕ್ಕೆ ಚೆದುರಿದ್ದರೆ ಇಂಕ್‌ಜೆಟ್ ಪ್ರಿಂಟರ್‌ನ ಕೆಲಸ.

ಓರೆ ಬೆಳಕು: ವರ್ಷಗಳು ಕಳೆದಂತೆ ಬೆಳ್ಳಿ ಮೇಲ್ಮೈಗೆ ಬರುತ್ತದೆ. ಫೋಟೋವನ್ನು ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ನೀಲಿ ಹೊಳಪು ಕಾಣಬಹುದು. ಕಾಗದ ಹಳದಿಯಾದದ್ದು ಮಾತ್ರ ಪುರಾವೆಯಲ್ಲ. ಚಹಾದ ನೀರಿನಲ್ಲಿ ಅದ್ದಿದರೂ ಕಾಗದ ಹಳದಿಯಾಗುತ್ತದೆ.

ನೇರಳಾತೀತ ಟಾರ್ಚ್: ಅಂಗಡಿಗಳಲ್ಲಿ ನೋಟು ನೋಡಲು ಬಳಸುತ್ತಾರಲ್ಲ, ಅದೇ. ಬಟ್ಟೆ ಬೆಳ್ಳಗೆ ಕಾಣಲಿ ಎಂದು ಸಾಬೂನು ಪುಡಿಗೆ ಹಾಕುವಂಥ ಹೊಳಪುಕಾರಕಗಳನ್ನು ಫೋಟೋ ಕಾಗದಕ್ಕೆ ಸೇರಿಸಲು ಶುರು ಮಾಡಿದ್ದು 1950ರ ದಶಕದಲ್ಲಿ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಅಂಥ ಕಾಗದ ನೀಲಿಯಾಗಿ ಮಿನುಗುತ್ತದೆ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದ್ದರು. ಆ ಓಟದ ‘ಅಂದಿನದೇ ಪ್ರತಿ’ ಎಂದು ಯಾರಾದರೂ ಮಾರುವ ಫೋಟೋ ಹೀಗೆ ಮಿನುಗಿದರೆ ಅದು ಅಂದಿನದಲ್ಲ. ನೆನಪಿಡಿ: ಮಿನುಗದಿದ್ದರೆ ಹಳೆಯದು ಎಂದು ಅರ್ಥವಲ್ಲ, ಹೊಳಪುಕಾರಕ ಇಲ್ಲದ ಕಾಗದ ನಂತರವೂ ಇತ್ತು. ಟಾರ್ಚ್ ಅನ್ನು ಕಣ್ಣಿಗೆ ಹಿಡಿಯಬೇಡಿ.

ಈ ಪರೀಕ್ಷೆಗಳಿಗೆ ಫೋಟೋ ಕೈಯಲ್ಲಿರಬೇಕು. ಹಾಗಾಗಿ ವಾಪಸ್ ಮಾಡುವ ಅವಕಾಶ ಇಲ್ಲದ ಮಾರಾಟದಲ್ಲಿ ಇವು ಉಪಯೋಗಕ್ಕೆ ಬರುವುದಿಲ್ಲ. ಪ್ರಶ್ನೆ ಮತ್ತೆ ಮಾರಾಟಗಾರನ ಹತ್ತಿರ ಬಂದು ನಿಲ್ಲುತ್ತದೆ.

ಐದು ಸ್ಟಾರ್ ಸಾಕೇ?

ಸಾಲದು. ಅಮೆರಿಕದ ಜಾನ್ ರೋಜರ್ಸ್ ಹಳೆಯ ಕ್ರೀಡಾ ಫೋಟೋಗಳ ಲೋಕದಲ್ಲಿ ದೊಡ್ಡ ಹೆಸರು. ಪ್ರಮುಖ ಪತ್ರಿಕೆಗಳೇ ತಮ್ಮ ಫೋಟೋ ಭಂಡಾರಗಳನ್ನು ಅವರಿಗೆ ಒಪ್ಪಿಸಿದ್ದವು. 2014ರಲ್ಲಿ ಎಫ್‌ಬಿಐ ಅವರ ಮನೆ, ಕಚೇರಿಗಳನ್ನು ಶೋಧಿಸಿತು. ನಕಲಿ ಕ್ರೀಡಾ ಸ್ಮರಣಿಕೆಗಳನ್ನು ಒಳಗೊಂಡ ವಂಚನೆಯನ್ನು ಅವರು ಒಪ್ಪಿಕೊಂಡರು; 2017ರಲ್ಲಿ 12 ವರ್ಷ ಶಿಕ್ಷೆಯಾಯಿತು. ಹೆಸರು ನೋಡಿ ನಂಬಿದವರಲ್ಲಿ ಅನುಭವಿಗಳೂ ಇದ್ದರು.

ಹಾಗಾಗಿ ಸ್ಟಾರ್ ಎಣಿಸುವ ಬದಲು ಇವುಗಳನ್ನು ನೋಡಿ. ಮಾರಾಟಗಾರನ ಬಗ್ಗೆ ಬಂದ ಒಳ್ಳೆಯ ಅಭಿಪ್ರಾಯಗಳು ಫೋಟೋ ಮಾರಿದ್ದಕ್ಕೆ ಬಂದವೇ, ಅಥವಾ ಮೊಬೈಲ್ ಕವರ್ ಮಾರಿದ್ದಕ್ಕೆ ಬಂದವೇ? ಕೆಟ್ಟ ಅಭಿಪ್ರಾಯಗಳಿಗೆ ಆತ ಕೊಟ್ಟ ಉತ್ತರವೇನು? ಹಿಂಬದಿಯ ಚಿತ್ರ, ಅಳತೆ, ಸುಕ್ಕು, ಹರಿದ ಅಂಚು ತೋರಿಸಿದ್ದಾನೆಯೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿದ್ದಾನೆಯೇ? ವಾಪಸ್ ಪಡೆಯುತ್ತಾನೆಯೇ? ‘ಸರ್ಟಿಫಿಕೇಟ್ ಇದೆ’ ಎಂದರೆ ಕೊಟ್ಟವರು ಯಾರು ಎಂದು ಕೇಳಿ. ಮಾರುವವನೇ ಅಚ್ಚು ಹಾಕಿಸಿದ ಸರ್ಟಿಫಿಕೇಟ್‌ಗೂ ಅವನ ಬಾಯಿಮಾತಿಗೂ ವ್ಯತ್ಯಾಸವಿಲ್ಲ.

ಫಾರ್ವರ್ಡ್‌ನ ಮೂಲ ಸಿಕ್ಕಿತು

ಕುಸ್ತಿ ಫೋಟೋವನ್ನು ನಾವು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದೆವು. ಅದೇ ಚಿತ್ರ ಒಂದು ಹರಾಜು ತಾಣದಲ್ಲಿ ಸಿಕ್ಕಿತು. ಮಾರಾಟಗಾರ ಬೇರೆ, ಊರೂ ಬೇರೆ. ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘1968ರ ಕುಸ್ತಿ ಎಂದು ಪೆನ್ಸಿಲ್ ಬರಹ. ನಂತರದ ಮುದ್ರಣ. ವಾಪಸ್ ಸೌಲಭ್ಯವಿದೆ.’ ಆರಂಭದ ಬೆಲೆ 800 ರೂಪಾಯಿ.

ಫಾರ್ವರ್ಡ್ ಮಾಡಿದವರು ಆ ಚಿತ್ರಗಳನ್ನು ಕದ್ದು, ‘ನಂತರದ ಮುದ್ರಣ’ ಎಂಬುದನ್ನು ಬಿಟ್ಟು, ಇನ್ನೊಬ್ಬರ ಸ್ಟಾರ್‌ಗಳನ್ನು ತಮ್ಮದೆಂದು ತೋರಿಸಿ, ತಮ್ಮ ಕ್ಯೂಆರ್ ಕೋಡ್ ಅಂಟಿಸಿದ್ದರು. ಅವರ ಹತ್ತಿರ ಫೋಟೋ ಇದ್ದದ್ದಕ್ಕೆ ಯಾವ ಕುರುಹೂ ಇರಲಿಲ್ಲ. ‘ಇವತ್ತಿನ ಪೇಪರ್ ಪಕ್ಕ ಫೋಟೋ ಇಟ್ಟು ತೆಗೆದು ಕಳಿಸಿ’ ಎಂದು ನಮ್ಮ ಓದುಗರು ಕೇಳಿದಾಗ ಆ ನಂಬರಿನಿಂದ ಬ್ಲಾಕ್ ಆದರು.

ನೀವೂ ಇದನ್ನೇ ಮಾಡಬಹುದು. ಮೊದಲು ಚಿತ್ರ ಹುಡುಕಿ, ಆಮೇಲೆ ಇವತ್ತಿನ ಪತ್ರಿಕೆಯ ಜೊತೆಗಿನ ಚಿತ್ರ ಕೇಳಿ. ಎರಡಕ್ಕೂ ಹತ್ತು ನಿಮಿಷ ಸಾಕು.

ರೊಕ್ಕ ಕೊಡುವ ದಾರಿ

ಹರಾಜು ತಾಣದೊಳಗೆ ಪಾವತಿಸಿದರೆ ದೂರು ಕೊಡಲು, ಹಣ ವಾಪಸ್ ಕೇಳಲು ದಾರಿ ಇರುತ್ತದೆ. ‘ಕಮಿಷನ್ ಉಳಿಯುತ್ತೆ, ನೇರ ನನಗೇ ಹಾಕಿ’ ಎಂಬ ಮಾತಿಗೆ ಒಪ್ಪಿದ ಕ್ಷಣ ಆ ದಾರಿ ಮುಚ್ಚುತ್ತದೆ. ಇಬೇ ತನ್ನ ಭಾರತದ ತಾಣವನ್ನು 2018ರಲ್ಲಿ ಮುಚ್ಚಿದೆ. ವಿದೇಶದ ಮಾರಾಟಗಾರರಿಂದ ತರಿಸುವುದಾದರೆ ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿ.

ಬಿಡ್ ಮಾಡುವ ಮುನ್ನ ಇಂಥ ಫೋಟೋಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂದು ನೋಡಿ. ಕೇಳಿದ ಬೆಲೆಯೇ ಮಾರಾಟದ ಬೆಲೆಯಲ್ಲ. ನಿಮ್ಮ ಗರಿಷ್ಠ ಮೊತ್ತವನ್ನು ಚೀಟಿಯಲ್ಲಿ ಬರೆದಿಟ್ಟು ಅಲ್ಲಿಗೇ ನಿಲ್ಲಿ. ಮಾರಾಟಗಾರನ ಕಡೆಯವರೇ ಬಿಡ್ ಹಾಕಿ ಬೆಲೆ ಏರಿಸುವುದೂ ಉಂಟು.

ಹಣ ವಾಪಸ್ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಇರುವುದು ನಿಮ್ಮ ಖಾತೆಯಿಂದ ಹಣ ಹೋಗಲು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ; ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸರಕು ಹೇಳಿದಂತಿಲ್ಲ ಎಂಬ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫಾರ್ವರ್ಡ್, ಕ್ಯೂಆರ್ ಕೋಡ್, ಚಾಟ್‌ಗಳ ಸ್ಕ್ರೀನ್‌ಶಾಟ್ ಅಳಿಸಬೇಡಿ.

ಇನ್ನೊಂದು ಮಾತು. ಫೋಟೋ ಕೊಂಡರೆ ಅದರ ಕೃತಿಸ್ವಾಮ್ಯವೂ ನಿಮ್ಮದಾಗುವುದಿಲ್ಲ. ಭಾರತದ ಕಾನೂನಿನಲ್ಲಿ ಸಾಮಾನ್ಯವಾಗಿ ಫೋಟೋ ತೆಗೆದವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ಉಳಿಯುತ್ತದೆ. 1974ರಲ್ಲಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಾಗ ಪ್ರಕಟವಾದ ಚಿತ್ರಕ್ಕೆ ಈಗಲೂ ರಕ್ಷಣೆ ಇದೆ. ಗೋಡೆಗೆ ಹಾಕಿಕೊಳ್ಳಿ, ಅಚ್ಚು ಹಾಕಿ ಮಾರಬೇಡಿ.

ಕೊನೆಗೆ ಏನಾಯಿತು?

ನಮ್ಮ ಓದುಗರು ಹರಾಜು ತಾಣದಲ್ಲೇ ಬಿಡ್ ಮಾಡಿದರು. ಗರಿಷ್ಠ 2,000 ಎಂದು ನಿಗದಿ ಮಾಡಿಕೊಂಡಿದ್ದರು, 1,150ಕ್ಕೆ ಸಿಕ್ಕಿತು. ಫೋಟೋ ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆವು: ಚುಕ್ಕೆಗಳಿಲ್ಲ, ಬೆಳ್ಳಿ ಮುದ್ರಣವೇ. ಸಂಗ್ರಾಹಕರ ಲೆಕ್ಕದಲ್ಲಿ ಎರಡನೇ ಬಗೆಯದಿರಬಹುದು, ದೊಡ್ಡ ಬೆಲೆ ಬಾರದು. ಹಾಗೆಂದು ಹೇಳಿದಾಗ ಅವರು ನಕ್ಕರು. ‘ಪ್ರಿಂಟ್ ಯಾವಾಗರ ಹಾಕಿರವಲ್ರ್ಯಾಕ, ನಿಂತವ್ರು ನಮ್ಮ ಅಪ್ಪಾರ ಹೌದಲ್ರಿ?’

ಹೌದು. ಅವರು 1,150 ಕೊಟ್ಟದ್ದು ಏನೆಂದು ಗೊತ್ತಿದ್ದ ವಸ್ತುವಿಗೆ. ಫಾರ್ವರ್ಡ್ ನಂಬಿದ್ದರೆ 3,000 ಹೋಗುತ್ತಿತ್ತು, ಅಪ್ಪನ ಫೋಟೋವೂ ಬರುತ್ತಿರಲಿಲ್ಲ.

ನಮ್ಮ ತೀರ್ಮಾನ: ‘1968ರ ಒರಿಜಿನಲ್, 5 ಸ್ಟಾರ್ ಸೆಲ್ಲರ್’ ಎಂಬ ಫಾರ್ವರ್ಡ್ ಸುಳ್ಳು. ಇಂಥದ್ದು ನಿಮ್ಮ ಗ್ರೂಪ್‌ಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಹಿಂಬದಿಯ ಚಿತ್ರ ಕೇಳಿ.