ರಾಗವಿಲ್ಲ, ತಾಳವಿಲ್ಲ, ಕೇಳುವುದೇನನ್ನು?

ಪ್ರಶ್ನೆ: ಪ್ರಾಯೋಗಿಕ ಸಂಗೀತ ಅಂತ ಮಗ ಏನೇನೋ ಕೇಳಿಸುತ್ತಾನೆ. ನನಗೆ ಬರೀ ಸದ್ದು. ಇದನ್ನು ಸವಿಯುವುದು ಹೇಗೆ?

ಉತ್ತರ: ಸದ್ದು ಅನ್ನಿಸಿದರೆ ತಪ್ಪೇನಿಲ್ಲ, ಈ ಬಗೆಯ ರಚನಕಾರರಲ್ಲಿ ಹಲವರಿಗೆ ಬೇಕಾದದ್ದೂ ಅದೇ. ಅಮೆರಿಕದ ಆಲ್ವಿನ್ ಲೂಸಿಯರ್ 1969ರಲ್ಲಿ ರಚಿಸಿದ ‘ಐ ಆ್ಯಮ್ ಸಿಟ್ಟಿಂಗ್ ಇನ್ ಎ ರೂಮ್’ನಿಂದ ಶುರುಮಾಡಿ. ಕೋಣೆಯಲ್ಲಿ ಕೂತು ನಾಲ್ಕು ಮಾತಾಡಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಅದೇ ಕೋಣೆಯಲ್ಲಿ ಸ್ಪೀಕರಿನಿಂದ ಕೇಳಿಸಿ ಮತ್ತೆ ರೆಕಾರ್ಡ್. ಅದನ್ನೂ ಕೇಳಿಸಿ, ಮತ್ತೊಮ್ಮೆ. ಪ್ರತಿ ಕೋಣೆಯೂ ತನ್ನ ಅಳತೆಗೆ ಒಪ್ಪುವ ಕೆಲವು ಕಂಪನಗಳನ್ನಷ್ಟೇ ಹಿಗ್ಗಿಸುತ್ತದೆ. ಸುತ್ತುಸುತ್ತಿಗೂ ಅವು ಬಲಿತು, ಮಾತು ಕರಗಿ, ಕೊನೆಗೆ ಉಳಿಯುವುದು ಗುಂಯ್‌ಗುಡುವ ನಾದ. ಲೂಸಿಯರ್‌ಗೆ ಉಗ್ಗು ಇತ್ತು, ಅದೂ ಕರಗುತ್ತದೆ.

ಮಾತು ಯಾವ ಸುತ್ತಿನಲ್ಲಿ ಅರ್ಥ ಕಳೆದುಕೊಂಡಿತು ಎಂದು ಕಿವಿಗೊಟ್ಟು ಹಿಡಿಯಿರಿ, ಅಷ್ಟೇ. ತಂಬೂರಿಯಲ್ಲಿ ಯಾವ ತಂತಿಗೂ ಶ್ರುತಿ ಮಾಡದ ಗಾಂಧಾರ ಕೇಳಿಸುವುದನ್ನು ಬಲ್ಲವರಿಗೆ, ಅಡಗಿದ ನಾದ ಹೀಗೆ ಹೊರಬರುವುದು ತೀರಾ ಹೊಸತೂ ಅಲ್ಲ. ಲೂಸಿಯರ್ ಕೃತಿಯ, 1981ರಲ್ಲಿ ಬಿಡುಗಡೆಯಾದ ಧ್ವನಿಮುದ್ರಣ ಸುಮಾರು 45 ನಿಮಿಷದ್ದು. ಹಾರಿಸಿ ಹಾರಿಸಿ ಕೇಳಿದರೆ ಏನೂ ದಕ್ಕದು. ಹಾಗಂತ ಪ್ರಾಯೋಗಿಕ ಎಂದದ್ದೆಲ್ಲ ಒಳ್ಳೆಯದೂ ಅಲ್ಲ. ಹಿಡಿಸದಿದ್ದರೆ ಸಂಕೋಚಪಡದೆ ಮಗನಿಗೆ ಹೇಳಿಬಿಡಿ.