ಕಲ್ಲಿನ ಮೇಲಿನ ಹೆಸರು ಅಳಿಯುವ ಮುನ್ನ

ನಿಮ್ಮ ಮುತ್ತಜ್ಜಿಯ ಕಬ್ರ್ ಎಲ್ಲಿದೆಯೆಂದು ನಿಮಗೆ ಗೊತ್ತೇ? ಊರಿನ ಖಬರಸ್ತಾನದಲ್ಲಿದೆ ಎನ್ನುತ್ತೀರಿ. ಸರಿ, ಆ ಖಬರಸ್ತಾನದಲ್ಲಿ ಯಾವುದು ಅವರದ್ದು? ಬೇವಿನ ಮರದ ಕೆಳಗಿನದೇ, ಗೋಡೆಯ ಪಕ್ಕದ್ದೇ? ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬಂದಾಗ ತಡವರಿಸುತ್ತೇವೆ. ಕೈಯಲ್ಲಿರುವ ಮೊಬೈಲಿನಲ್ಲಿ ಮದುವೆಯ ಫೋಟೋಗಳು, ಮಗುವಿನ ಮೊದಲ ಹಲ್ಲಿನ ಫೋಟೋ, ಈದ್ ದಿನದ ಬಿರಿಯಾನಿಯ ಫೋಟೋ ಎಲ್ಲವೂ ಇರುತ್ತವೆ. ಆದರೆ ಹೆತ್ತವರ ಹೆತ್ತವರು ಮಲಗಿರುವ ನೆಲದ ಒಂದು ಚಿತ್ರವೂ ಇರುವುದಿಲ್ಲ.

ಬೀದರ್‌ನಿಂದ ವಿಜಯಪುರದವರೆಗೆ, ನಮ್ಮ ನಾಡಿನ ಉತ್ತರದ ಜಿಲ್ಲೆಗಳ ಯಾವ ಹಳ್ಳಿಗೆ ಹೋದರೂ ಒಂದು ಹಳೆಯ ಗುಂಬಜ್, ಒಂದು ಮುರಿದ ಕಮಾನು, ಮುಳ್ಳುಗಂಟಿಗಳ ನಡುವೆ ನಾಲ್ಕಾರು ಕರಿಕಲ್ಲಿನ ಕಬ್ರ್‌ಗಳು ಕಾಣಸಿಗುತ್ತವೆ. ದೊಡ್ಡವುಗಳ ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ. ದಖ್ಖನ್ ಸುಲ್ತಾನರ ಕಾಲದ ಸ್ಮಾರಕಗಳು ಮತ್ತು ಕೋಟೆಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನೂ ಸೇರಿದವು. ಸಣ್ಣವುಗಳಿಗೆ ಯಾವ ಪಟ್ಟಿಯೂ ಇಲ್ಲ, ಕಾವಲುಗಾರನೂ ಇಲ್ಲ. ಅವುಗಳ ಫೋಟೋ ತೆಗೆಯಬೇಕಾದವರು ನೀವೇ.

ಬೀದರ್ ಪಟ್ಟಣದ ಹೊರಗಿರುವ ಅಷ್ಟೂರಿನ ಉದಾಹರಣೆ ತೆಗೆದುಕೊಳ್ಳಿ. ಬಹಮನಿ ಸುಲ್ತಾನರ ಗುಂಬಜ್‌ಗಳು ಅಲ್ಲಿ ಸಾಲಾಗಿ ನಿಂತಿವೆ. 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯವರ ಗುಂಬಜಿನ ಒಳಗೆ ಹೋದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗೋಡೆ, ಛಾವಣಿಗಳ ಮೇಲೆ ಬಂಗಾರದ ಬಣ್ಣದ ಬರಹ, ಬಳ್ಳಿ, ಹೂಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮುಸ್ಲಿಮರು ವಲಿ ಎಂದು ಗೌರವಿಸುವ ಇವರನ್ನು ಲಿಂಗಾಯತರು ಅಲ್ಲಮಪ್ರಭುವೆಂದು ಕಂಡು ಉರೂಸಿಗೆ ಬರುತ್ತಾರೆ. ಅದರಾಚೆ ಹುಮಾಯೂನ್ ಶಾನ ಗುಂಬಜ್. ಸಿಡಿಲು ಬಡಿದು ಸೀಳಿಹೋಗಿ, ಕತ್ತರಿಸಿದ ಹಣ್ಣಿನಂತೆ ಅರ್ಧ ಮಾತ್ರ ನಿಂತಿದೆ. ಇದರ ಮುಂದೆ ನಿಂತು ಸೆಲ್ಫಿ ತೆಗೆಯದ ಪ್ರವಾಸಿಗರು ವಿರಳ.

ಅದೇ ಬೀದರ್‌ನ ಮಗ್ಗುಲಿನ ಗೋರನಳ್ಳಿಗೆ ಎಷ್ಟು ಮಂದಿ ಹೋಗುತ್ತಾರೆ? 1472ರಲ್ಲಿ ಬೀದರ್‌ನ ಪ್ರಸಿದ್ಧ ಮದ್ರಸಾ ಕಟ್ಟಿಸಿದ ಮಹ್ಮೂದ್ ಗಾವಾನರ ಕಬ್ರ್ ಇರುವುದು ಅಲ್ಲಿ. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನ 1481ರಲ್ಲಿ ಈ ವೃದ್ಧ ಮಂತ್ರಿಯ ತಲೆ ತೆಗೆಸಿದ. ಮದ್ರಸಾದ ಚಿತ್ರ ಪಠ್ಯಪುಸ್ತಕಗಳಲ್ಲಿ, ಪ್ರವಾಸೋದ್ಯಮದ ಫಲಕಗಳಲ್ಲಿ ಇದೆ. ಕಟ್ಟಿಸಿದವರ ಸರಳವಾದ ಕಬ್ರ್ ಮಾತ್ರ ಬಹುತೇಕ ಮಂದಿಯ ಕ್ಯಾಮರಾಕ್ಕೆ ಬಿದ್ದಿಲ್ಲ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿ ಎಂಬ ಊರಿನದೂ ಹೆಚ್ಚುಕಡಿಮೆ ಇದೇ ಕಥೆ. ವಿಜಯಪುರದ ಗೋಲಗುಂಬಜ್ ನೋಡಲು ಬಸ್ಸು ಮಾಡಿಕೊಂಡು ಹೋಗುತ್ತೇವೆ. ಆದರೆ ಆದಿಲ್‌ಶಾಹಿ ವಂಶದ ಮೊದಲ ನಾಲ್ವರು ಅರಸರು ಮಲಗಿರುವುದು ವಿಜಯಪುರದಲ್ಲಲ್ಲ, ಗೋಗಿಯ ಚಂದಾ ಹುಸೈನಿಯವರ ದರ್ಗಾದ ಆವರಣದಲ್ಲಿ. ಅಲ್ಲಿ ಮುಗಿಲು ಮುಟ್ಟುವ ಗುಂಬಜ್ ಇಲ್ಲ. ಅಂದ ಹಾಗೆ, ಗೋಲಗುಂಬಜ್ ಒಳಗೆ ಎಲ್ಲರೂ ಫೋಟೋ ತೆಗೆಯುವ ಆ ಗೋರಿಗಳು ನಿಜವಾದ ಕಬ್ರ್‌ಗಳಲ್ಲ, ಗುರುತಿಗಾಗಿ ಕಟ್ಟಿದವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾ ಮತ್ತವನ ಮನೆಮಂದಿ ಮಲಗಿರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ.

ಒಂದು ಫೋಟೋದಿಂದ ಏನು ಮಹಾ ಆಗುತ್ತದೆ ಎಂದು ಕೇಳಬೇಡಿ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಫೋಟೋ ತೆಗೆಯುವ ಕೆಲಸಕ್ಕೆ ನೇಮಿಸಿತು. ಆತ ಭಾರದ ಪೆಟ್ಟಿಗೆಗಳನ್ನು ಹೊತ್ತು ವಿಜಯಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ತೆಗೆದ. ವಿಜಯಪುರದ ಕಟ್ಟಡಗಳ ಚಿತ್ರಗಳು 1866ರಲ್ಲಿ ಪುಸ್ತಕವಾಗಿ ಬಂದವು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಝ್ದಾನಿ 1947ರಲ್ಲಿ ಬೀದರ್ ಬಗ್ಗೆ ಹೊರತಂದ ದೊಡ್ಡ ಗ್ರಂಥದಲ್ಲಿ ಕಟ್ಟಡಗಳ ಜೊತೆಗೆ ಶಾಸನಗಳನ್ನೂ ದಾಖಲಿಸಿದರು. ಯಾವ ಗಾರೆಯ ಕೆಲಸ ಉದುರಿತು, ಯಾವ ಬಣ್ಣದ ಬಿಲ್ಲೆ ಕಳಚಿತು ಎಂದು ಇಂದು ಹೇಳಲು ಇಂತಹ ಹಳೆಯ ಚಿತ್ರಗಳೇ ಆಧಾರ. ಅವರೆಲ್ಲ ಸರಕಾರದ ಖರ್ಚಿನಲ್ಲಿ ಅರಸರ ಕಟ್ಟಡಗಳನ್ನು ದಾಖಲಿಸಿದರು. ನಿಮ್ಮೂರಿನ ಪಾಠ ಹೇಳುತ್ತಿದ್ದ ಉಸ್ತಾದರ ಕಬ್ರನ್ನು, ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿಯ ಕಬ್ರನ್ನು ದಾಖಲಿಸಲು ಯಾರೂ ಬರಲಿಲ್ಲ, ಬರುವುದೂ ಇಲ್ಲ.

ಈಗ ಹೆಣ್ಣಿನ ವಿಷಯಕ್ಕೆ ಬರೋಣ. ದಖ್ಖನ್ನಿನ ಹಳೆಯ ಕಬ್ರ್‌ಗಳನ್ನು ನೋಡುವಾಗ ಮೇಲ್ಭಾಗವನ್ನು ಗಮನಿಸಿ. ಮಧ್ಯದಲ್ಲಿ ಲೇಖನಿಯ ಪೆಟ್ಟಿಗೆಯಂತೆ ಉದ್ದನೆಯ ದಿಂಡು ಎದ್ದು ನಿಂತಿದ್ದರೆ ಅದು ಸಾಮಾನ್ಯವಾಗಿ ಗಂಡಸಿನದು. ಅದಕ್ಕೆ ಕಲಮ್‌ದಾನ್ ಎನ್ನುತ್ತಾರೆ. ಬರೆಯುವ ಹಲಗೆಯಂತೆ ಚಪ್ಪಟೆಯಾಗಿದ್ದರೆ ಹೆಂಗಸಿನದು, ಅದು ತಖ್ತಿ. ವಿಜಯಪುರದ ಹೊರವಲಯದಲ್ಲಿ ಸಾಠ್ ಕಬರ್ ಎಂದು ಕರೆಯುವ ಸ್ಥಳವಿದೆ. ಒಂದೇ ಅಳತೆಯ, ಒಂದೇ ಬಗೆಯ ಅರವತ್ತಕ್ಕೂ ಹೆಚ್ಚು ಕರಿಕಲ್ಲಿನ ಕಬ್ರ್‌ಗಳು ಅಲ್ಲಿ ಸಾಲುಸಾಲಾಗಿವೆ. ಎಲ್ಲವೂ ಹೆಂಗಸರವು. 1659ರಲ್ಲಿ ಯುದ್ಧಕ್ಕೆ ಹೊರಟ ಅಫ್ಝಲ್ ಖಾನ್ ತಾನು ಮರಳುವುದಿಲ್ಲವೆಂಬ ಜ್ಯೋತಿಷಿಯ ಮಾತು ನಂಬಿ ತನ್ನ ಮಡದಿಯರನ್ನು ಕೊಲ್ಲಿಸಿದನೆಂದು ಜನ ಕಥೆ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಒಂದು ಮಾತು ನಿಜ. ಕೊಂದವನೆಂದು ಹೇಳಲಾದವನ ಹೆಸರು ಎಲ್ಲರ ಬಾಯಲ್ಲಿದೆ, ಆ ಅರವತ್ತು ಚಿಲ್ಲರೆ ಹೆಂಗಸರ ಒಂದು ಹೆಸರೂ ಜನರ ಬಾಯಲ್ಲಿ ಉಳಿದಿಲ್ಲ.

ನಮ್ಮ ಖಬರಸ್ತಾನಗಳಲ್ಲೂ ಪರಿಸ್ಥಿತಿ ಬೇರೆಯಲ್ಲ. ಕಬ್ರ್ ಸರಳವಾಗಿರಬೇಕೆಂಬ ಕಾರಣಕ್ಕೆ ಅನೇಕ ಕಡೆ ಹೆಸರಿನ ಕಲ್ಲನ್ನೇ ನೆಡುವುದಿಲ್ಲ. ಮಣ್ಣಿನ ದಿಬ್ಬ ನಾಲ್ಕೈದು ಮಳೆಗಾಲದಲ್ಲಿ ನೆಲಸಮವಾಗುತ್ತದೆ. ಆ ಸರಳತೆಯಲ್ಲಿ ತಪ್ಪಿಲ್ಲ, ಕಲ್ಲು ನೆಡಿ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಅಂಥ ಕಡೆ ಹೆಸರು ಉಳಿದಿರುವುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ. ಇದು ಅಮ್ಮನದು, ಇದು ಹೆರಿಗೆಯಲ್ಲಿ ಹೋದ ಅಕ್ಕನದು, ಈ ಸಣ್ಣದು ನನ್ನ ಮಗುವಿನದು ಎಂದು ಬೆರಳು ತೋರಿಸಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ? ಅವರ ಮಾತಿಲ್ಲದೆ ನೀವು ತೆಗೆದ ಫೋಟೋ ಬರೀ ಹುಲ್ಲಿನ ಫೋಟೋ. ಆದ್ದರಿಂದ ಮೊದಲು ಹಿರಿಯರನ್ನು ಕರೆದೊಯ್ಯಿರಿ, ಆಮೇಲೆ ಕ್ಯಾಮರಾ. ಅವರಿಗೆ ನಡೆಯಲಾಗದಿದ್ದರೆ ನೀವು ಫೋಟೋ ತೆಗೆದುಕೊಂಡು ಬಂದು, ದೊಡ್ಡದು ಮಾಡಿ ತೋರಿಸಿ, ಅವರು ಹೇಳಿದ್ದನ್ನು ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಿ. ಮಾತು ಒಂದರಿಂದ ಒಂದಕ್ಕೆ ಹೋಗುತ್ತದೆ, ತಡೆಯಬೇಡಿ.

ತಡಮಾಡಿದರೆ ನೆಲವೇ ಉಳಿಯದಿರಬಹುದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಪರಿಹಾರ ಬಂತು, ಹೊಲಕ್ಕೆ ಪರಿಹಾರ ಬಂತು, ಪುನರ್ವಸತಿ ಕೇಂದ್ರದಲ್ಲಿ ಹೊಸ ಮಸೀದಿಯೂ ಎದ್ದಿತು. ಕಬ್ರ್‌ಗಳು ನೀರಿನಡಿಯಲ್ಲೇ ಉಳಿದವು. 2010ರ ಕೃಷ್ಣಾ ನ್ಯಾಯಮಂಡಳಿಯ ತೀರ್ಪಿನಂತೆ ಜಲಾಶಯದ ಮಟ್ಟವನ್ನು 519 ಮೀಟರಿನಿಂದ 524 ಮೀಟರಿಗೆ ಏರಿಸುವ ಯೋಜನೆಯಿದೆ. ಮುಳುಗಡೆಯ ಪಟ್ಟಿಯಲ್ಲಿ ನಿಮ್ಮ ತವರಿನ ಹೆಸರಿದ್ದರೆ ಬರುವ ರಜೆಗೆ ಕಾಯಬೇಡಿ.

ಉಳಿದ ಕಡೆ ಕಲ್ಲನ್ನು ಕೆಡಿಸುವುದು ನೀರಲ್ಲ, ನಮ್ಮದೇ ಭಕ್ತಿ ಮತ್ತು ಉತ್ಸಾಹ. ಉರೂಸ್ ಬಂತೆಂದರೆ ಸುಣ್ಣ, ಅದರ ಮೇಲೆ ಮರುವರ್ಷ ಮತ್ತೆ ಸುಣ್ಣ. ಹತ್ತು ಪದರ ಸುಣ್ಣ ಬಿದ್ದ ಮೇಲೆ ಅಕ್ಷರದ ಹಳ್ಳವೆಲ್ಲ ಮುಚ್ಚಿಹೋಗುತ್ತದೆ. ಹಸಿರು ಆಯಿಲ್ ಪೇಂಟ್ ಇನ್ನೂ ಕೆಟ್ಟದು. ಕಲ್ಲಿನೊಳಗಿನ ತೇವ ಹೊರಬರಲಾಗದೆ ಕಲ್ಲೇ ಸಿಪ್ಪೆಯೇಳುತ್ತದೆ. ಶಹಾಬಾದ್ ಕಲ್ಲು ಮೊದಲೇ ಪದರ ಪದರವಾದದ್ದು. ಅಕ್ಷರವಿರುವ ಮೇಲ್ಪದರ ಎದ್ದುಹೋದರೆ ಮುಗಿಯಿತು. ಮುತವಲ್ಲಿಗಳೊಡನೆ ಈ ಬಗ್ಗೆ ಮಾತಾಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಇನ್ನು ಫೋಟೋ ತೆಗೆಯುವ ಬಗೆ. ದುಬಾರಿ ಕ್ಯಾಮರಾ ಬೇಡ, ಸಾಮಾನ್ಯ ಮೊಬೈಲ್ ಸಾಕು. ಗುಟ್ಟು ಇರುವುದು ಬೆಳಕಿನಲ್ಲಿ. ಸವೆದ ಅಕ್ಷರ ನೆತ್ತಿಯ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಅಸರ್ ನಂತರ ಸೂರ್ಯ ವಾರೆಯಾಗಿ ಕಲ್ಲಿನ ಮೈ ಸವರುವಾಗ ಪ್ರತಿಯೊಂದು ಗೀರಿಗೂ ಒಂದು ನೆರಳು ಹುಟ್ಟುತ್ತದೆ, ಓದಲಾಗದ ಹೆಸರು ತಾನಾಗಿ ಎದ್ದು ಬರುತ್ತದೆ. ಕಲ್ಲು ಮರದ ನೆರಳಿನಲ್ಲಿದ್ದರೆ ಮನೆಯ ಮುಖ ನೋಡುವ ಕನ್ನಡಿಯನ್ನು ಒಯ್ಯಿರಿ. ಒಬ್ಬರು ಬಿಸಿಲಿನಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಪಕ್ಕದಿಂದ ಹಾಯಿಸಲಿ, ಇನ್ನೊಬ್ಬರು ಎದುರಿನಿಂದ ನೇರವಾಗಿ ಕ್ಲಿಕ್ ಮಾಡಲಿ. ಮಕ್ಕಳಿಗೆ ಈ ಕನ್ನಡಿಯ ಕೆಲಸ ಬಹಳ ಇಷ್ಟವಾಗುತ್ತದೆ. ಒಂದು ಚಿತ್ರ ಹತ್ತಿರದಿಂದ ಬರಹ ಮಾತ್ರ, ಒಂದು ಇಡೀ ಕಬ್ರ್, ಒಂದು ದೂರದಿಂದ ಗೋಡೆಯೋ ಮರವೋ ಮಸೀದಿಯ ಮಿನಾರವೋ ಕಾಣುವಂತೆ. ಈ ಮೂರನೆಯದನ್ನೇ ಎಲ್ಲರೂ ಮರೆಯುತ್ತಾರೆ, ಮುಂದೆ ಜಾಗ ಹುಡುಕಲು ಅದೇ ಬೇಕಾಗುವುದು. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಮಾಡಿಕೊಂಡರೆ ಸ್ಥಳವೂ ದಾಖಲಾಗುತ್ತದೆ.

ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಸವರಬೇಡಿ. ತಂತಿಯ ಬ್ರಷ್, ಆಸಿಡ್ ಅಂತೂ ಮುಟ್ಟಲೇಬೇಡಿ. ಅಷ್ಟೂರಿನಂತಹ ಕಡೆ ಚಿತ್ರವಿರುವ ಗೋಡೆಗೆ ಫ್ಲ್ಯಾಶ್ ಹಾಕಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಇಟ್ಟು ಚಿತ್ರ ತೆಗೆಯಲು ಅನುಮತಿ ಬೇಕಾಗುತ್ತದೆ, ಕೇಳಿಕೊಳ್ಳಿ.

ಕಲ್ಲಿನ ಮೇಲೆ ಇಸವಿ ಇದ್ದರೆ ಅದು ಹೆಚ್ಚಾಗಿ ಹಿಜರಿಯದು. ಕ್ರಿಸ್ತಶಕಕ್ಕೆ ತರುವುದು ಕಷ್ಟವಲ್ಲ. ಹಿಜರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಕಳೆದು, 622 ಕೂಡಿಸಿ. ಮಹ್ಮೂದ್ ಗಾವಾನರು ತೀರಿಕೊಂಡದ್ದು ಹಿಜರಿ 886. ಅದನ್ನು 33ರಿಂದ ಭಾಗಿಸಿದರೆ ಸುಮಾರು 27. ಕಳೆದರೆ 859, 622 ಕೂಡಿಸಿದರೆ 1481. ಒಂದು ವರ್ಷ ಆಚೀಚೆ ಆಗಬಹುದು. ಕೆಲವು ಕಲ್ಲುಗಳಲ್ಲಿ ಅಂಕಿಯೇ ಇರುವುದಿಲ್ಲ, ಒಂದು ಸಾಲಿನ ಅಕ್ಷರಗಳ ಬೆಲೆ ಕೂಡಿಸಿದರೆ ಇಸವಿ ಬರುತ್ತದೆ. ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಅಕ್ಷರಗಳ ಮೊತ್ತವೆಂದು ಅಂಗಡಿ, ವಾಹನಗಳ ಮೇಲೆ 786 ಬರೆಯುತ್ತಾರಲ್ಲ, ಅದೇ ಲೆಕ್ಕ. ಉರ್ದು ಬರಹದಲ್ಲಿ ಮರ್ಹೂಮಾ ಎಂದಿದ್ದರೆ ಹೆಣ್ಣು, ಬಿನ್ತ್ ಎಂದರೆ ಮಗಳು, ಝೌಜಾ ಎಂದರೆ ಪತ್ನಿ. ಇಂಥವರ ಝೌಜಾ ಎಂದಷ್ಟೇ ಬರೆದು ಅವಳ ಹೆಸರನ್ನೇ ಬಿಟ್ಟ ಕಲ್ಲುಗಳೂ ಸಿಕ್ಕಾವು. ಆ ಹೆಸರು ಗೊತ್ತಿರುವವರು ಮನೆಯಲ್ಲಿದ್ದರೆ ಇಂದೇ ಕೇಳಿ ಬರೆದಿಡಿ.

ಹೆಂಗಸರು ಖಬರಸ್ತಾನಕ್ಕೆ ಹೋಗಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ವಿದ್ವಾಂಸರಲ್ಲಿ ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಮರಣದ ನೆನಪಿಗಾಗಿ ಸಂದರ್ಶಿಸಲು ಪ್ರವಾದಿವರ್ಯರು(ಸ) ನೀಡಿದ ಅನುಮತಿ ಹೆಂಗಸರಿಗೂ ಅನ್ವಯಿಸುತ್ತದೆಂದು ಹಲವರು ಹೇಳಿದ್ದಾರೆ, ಬೇಡವೆಂದವರೂ ಇದ್ದಾರೆ. ನಿಮ್ಮ ಮನೆಯ ರೂಢಿ ಎರಡನೆಯದಾದರೆ ಕನ್ನಡಿ, ಮೊಬೈಲು ಕೊಟ್ಟು ಮಗನನ್ನೋ ತಮ್ಮನನ್ನೋ ಕಳಿಸಿ, ಹೆಸರು ಹೊಂದಿಸುವ ಕೆಲಸ ಮನೆಯಲ್ಲೇ ಕುಳಿತು ಮಾಡಿ. ಹೋದವರು ಸಲಾಮ್ ಹೇಳಲಿ, ಕಬ್ರ್ ತುಳಿಯದೆ ನಡೆಯಲಿ. ಅಲ್ಲಿ ದುಃಖದಲ್ಲಿ ಕುಳಿತವರಿದ್ದರೆ ಕ್ಯಾಮರಾ ಜೇಬಿನಲ್ಲಿರಲಿ.

ತೆಗೆದ ಚಿತ್ರಗಳು ಮೊಬೈಲಿನಲ್ಲೇ ಉಳಿದರೆ ಮೊಬೈಲ್ ಕೆಟ್ಟ ದಿನ ಅವೂ ಹೋಗುತ್ತವೆ. ಒಂದು ಪ್ರತಿ ಜಮಾಅತ್ ಕಚೇರಿಗೆ ಕೊಡಿ. 2025ರಲ್ಲಿ ವಕ್ಫ್ ಆಸ್ತಿಗಳ ವಿವರಗಳನ್ನು ಉಮೀದ್ ಪೋರ್ಟಲಿಗೆ ಸೇರಿಸಬೇಕಾಗಿ ಬಂದಾಗ ಜಮಾಅತ್‌ಗಳು ಹಳೆಯ ಕಾಗದಪತ್ರ ಹುಡುಕಬೇಕಾಯಿತು. ದಿನಾಂಕ, ಸ್ಥಳ ನಮೂದಾದ ಚಿತ್ರಗಳೂ ಕಡತದಲ್ಲಿದ್ದರೆ ಒಳ್ಳೆಯದೇ. ಇನ್ನೊಂದು ಪ್ರತಿಯನ್ನು ಸ್ಟುಡಿಯೋದಲ್ಲಿ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಪೆನ್ನಿನ ಶಾಯಿ ಹರಡುತ್ತದೆ. ಯಾರದು, ಯಾರ ಮಗಳು, ಯಾವ ಊರಿಂದ ಮದುವೆಯಾಗಿ ಬಂದವಳು, ಹೇಳಿದವರು ಯಾರು, ಫೋಟೋ ತೆಗೆದ ದಿನ ಯಾವುದು ಎಂದು ಐದು ಸಾಲು. ಆ ಲಕೋಟೆಯನ್ನು ಮನೆಯ ನಿಕಾಹ್‌ನಾಮಾ, ಹೊಲದ ಪಹಣಿ ಇಡುವ ಅದೇ ಟ್ರಂಕಿನಲ್ಲಿಡಿ.